ಯಂತ್ರದ ಆಯಸ್ಸು, ತಂತ್ರಾಂಶದ ಆಯಸ್ಸು: ಪುಣೆಯ ರೋಬೋಟಿಕ್ಸ್‌ನಲ್ಲಿ ಆವೃತ್ತಿಯ ಆಯ್ಕೆ

ಕಂಪ್ಯೂಟರಿನ ಬಿಡಿಭಾಗಗಳಿಗೂ ಅದರ ಮೇಲೆ ನಡೆಯುವ ಪ್ರೋಗ್ರಾಮುಗಳಿಗೂ ನಡುವೆ ನಿಂತು, ಮೆಮೊರಿ, ಸಮಯ ಮತ್ತು ಸಾಧನಗಳನ್ನು ಅವುಗಳಿಗೆ ಹಂಚಿಕೊಡುವ ಮೂಲ ತಂತ್ರಾಂಶವನ್ನು ಕಾರ್ಯಾಚರಣಾ ವ್ಯವಸ್ಥೆ ಎನ್ನಲಾಗುತ್ತದೆ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಇದರ ಆಯ್ಕೆ ಬಹುಮಟ್ಟಿಗೆ ರೂಢಿಯ ಮಾತು. ರೋಬೋಟಿನಲ್ಲಿ ಮಾತ್ರ ಮೋಟಾರು, ಕ್ಯಾಮೆರಾ, ಸಂವೇದಕಗಳೆಲ್ಲವೂ ಒಂದೊಂದು ಆವೃತ್ತಿಗೆ ಕಟ್ಟುಬಿದ್ದಿರುವುದರಿಂದ, ಅಲ್ಲಿನ ಆಯ್ಕೆ ಯಂತ್ರ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನೇ ನಿರ್ಧರಿಸಿಬಿಡುತ್ತದೆ. ವಾಹನ ಕಾರ್ಖಾನೆಗಳು, ರಕ್ಷಣಾ ಪ್ರಯೋಗಾಲಯಗಳು ಮತ್ತು ಎಂಜಿನಿಯರಿಂಗ್ ಕಾಲೇಜುಗಳು ಹತ್ತಿರಹತ್ತಿರದಲ್ಲೇ ನೆಲೆನಿಂತಿರುವ ಪುಣೆಯಲ್ಲಿ ಈ ಪ್ರಶ್ನೆಗೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟಿದ್ದಾರೆ.

ಕಾರ್ಖಾನೆಯ ರೋಬೋಟು ಕೊಂಡವನಿಗೆ ಮೊದಲಲ್ಲಿ ಆಯ್ಕೆಯೇ ಇರಲಿಲ್ಲ. ಬೆಸುಗೆ ಹಾಕುವ ತೋಳಿನ ಜೊತೆಗೆ ಅದರ ನಿಯಂತ್ರಕ ಪೆಟ್ಟಿಗೆಯೂ, ಪೆಟ್ಟಿಗೆಯೊಳಗಿನ ತಂತ್ರಾಂಶವೂ ತಯಾರಕರಿಂದಲೇ ಬರುತ್ತಿದ್ದವು. ಉದಾಹರಣೆಗೆ, ಜರ್ಮನಿಯ ಕೂಕಾ ಕಂಪನಿ 1996ರಲ್ಲಿ ತಂದ ನಿಯಂತ್ರಕದಲ್ಲಿ ನೌಕರನಿಗೆ ಕಾಣುವ ಪರದೆಯನ್ನು ವಿಂಡೋಸ್ ನಡೆಸಿದರೆ, ತೋಳಿನ ಚಲನೆಯನ್ನು ವಿಎಕ್ಸ್‌ವರ್ಕ್ಸ್ ಎಂಬ ನೈಜಸಮಯ ವ್ಯವಸ್ಥೆ ನಡೆಸುತ್ತಿತ್ತು. ಕೊಟ್ಟ ಗಡುವಿನೊಳಗೆ ಕೆಲಸ ಮುಗಿದೇ ಮುಗಿಯುತ್ತದೆ ಎಂಬ ಖಾತರಿ ಕೊಡುವ ವ್ಯವಸ್ಥೆಗೆ ನೈಜಸಮಯ ವ್ಯವಸ್ಥೆ ಎಂಬ ಹೆಸರು. ಟೀಚ್ ಪೆಂಡೆಂಟ್ ಎಂಬ ಕೈನಿಯಂತ್ರಕ ಹಿಡಿದು ತೋಳನ್ನು ಬಿಂದುವಿನಿಂದ ಬಿಂದುವಿಗೆ ನಡೆಸಿ ಕಲಿಸುತ್ತಿದ್ದ ತಂತ್ರಜ್ಞನಿಗೆ ಒಳಗಿನ ಆವೃತ್ತಿ ಯಾವುದೆಂದು ತಿಳಿಯುವ ಅಗತ್ಯವೇ ಬೀಳುತ್ತಿರಲಿಲ್ಲ. ಚಿಂಚವಾಡದ ಟಾಲ್ ಮ್ಯಾನುಫ್ಯಾಕ್ಚರಿಂಗ್ ಸೊಲ್ಯೂಷನ್ಸ್ 2016ರಲ್ಲಿ ಬ್ರಾಬೋ ಎಂಬ ದೇಶೀಯ ತೋಳನ್ನು ಪ್ರದರ್ಶಿಸಿದಾಗಲೂ ಸಣ್ಣ ಉದ್ಯಮಿಯ ಕಣ್ಣು ಬೆಲೆಯ ಮೇಲೂ, 2 ಕಿಲೋ ಮತ್ತು 10 ಕಿಲೋ ಭಾರದ ಮಾದರಿಗಳ ಮೇಲೂ ಇತ್ತೇ ಹೊರತು ತಂತ್ರಾಂಶದ ಮೇಲೆ ಇದ್ದಂತಿಲ್ಲ. ರಕ್ಷಣಾ ಕ್ಷೇತ್ರದಲ್ಲಿ, ಪುಣೆಯ ದಿಘಿಯಲ್ಲಿರುವ ಡಿಆರ್‌ಡಿಓದ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ರೂಪಿಸಿದ, ಬಾಂಬುಗಳನ್ನು ಪತ್ತೆಹಚ್ಚಿ ನಿಷ್ಕ್ರಿಯಗೊಳಿಸುವ ‘ದಕ್ಷ’ ವಾಹನಗಳ ಮೊದಲ ಕಂತು 2011ರ ಡಿಸೆಂಬರಿನಲ್ಲಿ ಸೇನೆಯ ಕೈಸೇರಿತು. ಇಂಥ ಯಂತ್ರ ಒಮ್ಮೆ ಸೇವೆಗೆ ಸೇರಿದರೆ ಬಹುಕಾಲ ಅಲ್ಲಿಯೇ ಇರಬೇಕಾದ್ದರಿಂದ, ಹೊಸತನಕ್ಕಿಂತ ಸ್ಥಿರತೆಯೇ ಅದರ ಮೊದಲ ಗುಣ.

ಕಾಲೇಜುಗಳ ದಾರಿ ಇದಕ್ಕೆ ಪೂರ್ತಿ ವಿರುದ್ಧವಾಗಿತ್ತು. ಏಷ್ಯಾ-ಪೆಸಿಫಿಕ್ ಪ್ರಸಾರ ಒಕ್ಕೂಟ 2002ರಲ್ಲಿ ಆರಂಭಿಸಿದ ರೋಬೋಕಾನ್ ಸ್ಪರ್ಧೆಯ ಅಂತಾರಾಷ್ಟ್ರೀಯ ಸುತ್ತು 2008 ಮತ್ತು 2014ರಲ್ಲಿ ಪುಣೆಯಲ್ಲೇ ನಡೆಯಿತು. ರಾಷ್ಟ್ರೀಯ ಸುತ್ತಿಗೂ ಬಾಲೇವಾಡಿಯ ಕ್ರೀಡಾಸಂಕೀರ್ಣ ಅನೇಕ ವರ್ಷ ನೆಲೆಯಾಗಿತ್ತು. 2008ರ ವಸ್ತು ಮೊಸರುಗಡಿಗೆ ಒಡೆಯುವ ಗೋವಿಂದನ ಆಟ, ಅಂದರೆ ಗೋಕುಲಾಷ್ಟಮಿಯಂದು ಈ ಊರಿನ ಓಣಿಓಣಿಗಳಲ್ಲಿ ಮನುಷ್ಯರೇ ಗೋಪುರ ಕಟ್ಟಿ ಆಡುವ ದಹಿಹಂಡಿಯನ್ನು ಯಂತ್ರಗಳಿಂದ ಆಡಿಸುವುದು. ಈ ಯಂತ್ರಗಳ ಮಿದುಳು ಸಾಮಾನ್ಯವಾಗಿ ಮೈಕ್ರೋಕಂಟ್ರೋಲರ್ ಎಂಬ ಬೆರಳುದ್ದದ ಚಿಪ್ಪು. ಅದರಲ್ಲಿ ಕಾರ್ಯಾಚರಣಾ ವ್ಯವಸ್ಥೆಯೇ ಇರದೆ, ಸಂವೇದಕ ನೋಡು, ಲೆಕ್ಕ ಹಾಕು, ಮೋಟಾರು ತಿರುಗಿಸು ಎಂಬ ಒಂದೇ ಪ್ರೋಗ್ರಾಮು ಗಾಣದೆತ್ತಿನಂತೆ ಸುತ್ತುತ್ತಿತ್ತು. ಸ್ಪರ್ಧೆ ಮುಗಿದ ಮೇಲೆ ಯಂತ್ರವನ್ನು ಬಿಚ್ಚಿ ಬಿಡಿಭಾಗಗಳನ್ನು ಮರುವರ್ಷಕ್ಕೆ ಎತ್ತಿಡುವ ಪದ್ಧತಿಯಲ್ಲಿ, ಆವೃತ್ತಿ ಹಳತಾಗುವ ಚಿಂತೆಗೆ ಅವಕಾಶವಿರಲಿಲ್ಲ.

ಈ ಎರಡು ಲೋಕಗಳ ನಡುವಿನ ಜಾಗವನ್ನು ತುಂಬಿದ್ದು ರೋಬೋಟ್ ಆಪರೇಟಿಂಗ್ ಸಿಸ್ಟಮ್, ಬಳಕೆದಾರರ ಬಾಯಲ್ಲಿ ‘ರಾಸ್’. ಹೆಸರು ದಾರಿ ತಪ್ಪಿಸುವಂಥದ್ದು, ಏಕೆಂದರೆ ಇದು ಕಾರ್ಯಾಚರಣಾ ವ್ಯವಸ್ಥೆಯಲ್ಲ. ಲಿನಕ್ಸ್‌ನಂಥ ನಿಜವಾದ ವ್ಯವಸ್ಥೆಯ ಮೇಲೆ ಕುಳಿತು, ನೋಡ್ ಎಂಬ ಹೆಸರಿನ ಬಿಡಿಬಿಡಿ ಪ್ರೋಗ್ರಾಮುಗಳ ನಡುವೆ ಸಂದೇಶ ಸಾಗಿಸುವ ಮಧ್ಯಸ್ಥ ತಂತ್ರಾಂಶ. ಕ್ಯಾಮೆರಾ ಓದುವವನೊಬ್ಬ, ನಕ್ಷೆ ಬಿಡಿಸುವವನೊಬ್ಬ, ಚಕ್ರ ತಿರುಗಿಸುವವನೊಬ್ಬ ಎಂದು ಕೆಲಸ ಹಂಚಿ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬಳಸುವಂತೆ ಮಾಡಿದ್ದೇ ಇದರ ಸಾಧನೆ. ಸ್ಟ್ಯಾನ್‌ಫರ್ಡ್‌ನಲ್ಲಿ ಮೊಳೆತ ಈ ವಿಚಾರವನ್ನು 2007ರಿಂದ ಕ್ಯಾಲಿಫೋರ್ನಿಯಾದ ವಿಲೋ ಗರಾಜ್ ಪ್ರಯೋಗಾಲಯ ಬೆಳೆಸಿತು. 2010ರ ಮಾರ್ಚಿನಲ್ಲಿ ‘ಬಾಕ್ಸ್ ಟರ್ಟಲ್’ ಬಿಡುಗಡೆಯಾದ ಮೇಲೆ ಪ್ರತಿ ಆವೃತ್ತಿಗೂ ಅಕ್ಷರಮಾಲೆಯ ಕ್ರಮದಲ್ಲಿ ಹೆಸರಿಡುವ ಸಂಪ್ರದಾಯ ನೆಲೆನಿಂತಿತು, ಚಿಹ್ನೆಯಂತೂ ಆಮೆಯೇ. ಪುಣೆಯಲ್ಲಿ ಇದಕ್ಕೆ ನೆಲ ಹದವಾಗಿಯೇ ಇತ್ತು: ಊರಿನ ಲಿನಕ್ಸ್ ಬಳಕೆದಾರರ ಬಳಗವೂ, ಸಿಂಬಯಾಸಿಸ್ ಸಂಸ್ಥೆ ವರ್ಷವರ್ಷ ನಡೆಸುತ್ತಿದ್ದ ಗ್ನೂನಿಫೈ ಸಮಾವೇಶವೂ ಅಷ್ಟುಹೊತ್ತಿಗೆ ಒಂದು ತಲೆಮಾರಿನ ವಿದ್ಯಾರ್ಥಿಗಳನ್ನು ಮುಕ್ತ ತಂತ್ರಾಂಶಕ್ಕೆ ಒಗ್ಗಿಸಿದ್ದವು.

ಆವೃತ್ತಿಯ ತೊಡಕು ಹುಟ್ಟುವುದೂ ಇಲ್ಲಿಯೇ. ರಾಸ್‌ನ ಸಿದ್ಧ ಪ್ಯಾಕೇಜುಗಳು ಉಬುಂಟು ಲಿನಕ್ಸ್‌ನ ನಿರ್ದಿಷ್ಟ ಆವೃತ್ತಿಯೊಂದರ ಪೈಥಾನ್ ಭಾಷೆಗೂ ಓಪನ್‌ಸಿವಿ ಮೊದಲಾದ ಲೈಬ್ರರಿಗಳಿಗೂ ಹೊಂದುವಂತೆ ಕಟ್ಟಲ್ಪಟ್ಟಿರುವುದರಿಂದ, ಒಂದನ್ನು ಆಯ್ದವನು ಇನ್ನೊಂದನ್ನೂ ಆಯ್ದಂತೆಯೇ. ಉಬುಂಟು ಎರಡು ವರ್ಷಕ್ಕೊಮ್ಮೆ, ಸಮ ವರ್ಷದ ಏಪ್ರಿಲಿನಲ್ಲಿ, 5 ವರ್ಷ ಪಾಲನೆಯ ಭರವಸೆಯುಳ್ಳ ಆವೃತ್ತಿ ಕೊಡುತ್ತದೆ. ರಾಸ್ ಅದರ ಬೆನ್ನಿಗೆ ಬರುತ್ತದೆ. ಹೀಗೆ 14.04ಕ್ಕೆ ಇಂಡಿಗೋ, 16.04ಕ್ಕೆ ಕೈನೆಟಿಕ್, 18.04ಕ್ಕೆ ಮೆಲೋಡಿಕ್, 20.04ಕ್ಕೆ ನೋಯೆಟಿಕ್ ಜೋಡಿಯಾದವು. ನಡುವೆ ಬೆಸ ವರ್ಷಗಳಲ್ಲಿ ಬಂದ ಅಲ್ಪಾಯುಷಿ ಆವೃತ್ತಿಗಳಿಂದ ಯಂತ್ರ ಕಟ್ಟುವವರಿಗಿಂತ ತಂತ್ರಾಂಶ ಬರೆಯುವವರಿಗೇ ಉಪಯೋಗ ಹೆಚ್ಚು. ಫೋನಿನಂತೆ ಇಲ್ಲಿಯೂ ಹೊಸತೇ ಒಳ್ಳೆಯದೆಂದು ನಂಬಿದ ತಂಡಗಳು ಪಾಠ ಕಲಿತದ್ದು ಇಂಥ ಆವೃತ್ತಿಗಳಿಂದಲೇ.

ನಿಜವಾದ ಬಿರುಕು ಬಿಟ್ಟದ್ದು 2017ರ ನಂತರ. ಮೊದಲ ರಾಸ್‌ನಲ್ಲಿ ‘ಮಾಸ್ಟರ್’ ಎಂಬ ಒಂದೇ ಪ್ರೋಗ್ರಾಮು ನೋಡ್‌ಗಳಿಗೆ ಪರಸ್ಪರ ಪರಿಚಯ ಮಾಡಿಸುತ್ತಿತ್ತು. ಅದು ಕುಸಿದರೆ ಹೊಸ ಸಂಪರ್ಕಗಳೆಲ್ಲ ನಿಲ್ಲುತ್ತಿದ್ದವು, ಭದ್ರತೆಯಂತೂ ಹೆಸರಿಗೂ ಇರಲಿಲ್ಲ. ಪ್ರಯೋಗಾಲಯದಲ್ಲಿ ನಡೆಯುವ ಈ ಏರ್ಪಾಡು ಪುಣೆ ಬಳಿಯ ಚಾಕಣದ ಕಾರ್ಖಾನೆಯಲ್ಲಿ ಜನರ ನಡುವೆ ಓಡಾಡಬೇಕಾದ ಸಾಗಣೆ ಬಂಡಿಗೆ ಸಾಲದು. ಆದ್ದರಿಂದ ಡಿಡಿಎಸ್ ಎಂಬ ಕೈಗಾರಿಕಾ ಸಂವಹನ ಮಾನಕದ ಮೇಲೆ ರಾಸ್ 2 ಅನ್ನು ಬೇರೆಯಾಗಿಯೇ ಕಟ್ಟಲಾಯಿತು. ಅದರ ಮೊದಲ ಆವೃತ್ತಿ 2017ರ ಡಿಸೆಂಬರಿನಲ್ಲಿ ಹೊರಬಂತು. 2020ರ ಆರಂಭಕ್ಕೆ, ಹಳೆಯ ರಾಸ್ ನೆಚ್ಚಿಕೊಂಡಿದ್ದ ಪೈಥಾನ್ 2ರ ಪಾಲನೆ ನಿಂತು, ಅದೇ ವರ್ಷ ಹಳೆಯ ಶಾಖೆಯ ಕೊನೆಯ ಆವೃತ್ತಿಯಾದ ನೋಯೆಟಿಕ್ ಮತ್ತು ಹೊಸ ಶಾಖೆಯ ಫಾಕ್ಸಿ ಎರಡೂ ಒಂದೇ ಉಬುಂಟು 20.04ರ ಮೇಲೆ ಬಂದುದರಿಂದ, ಸೇತುವೆ ತಂತ್ರಾಂಶ ಹಾಕಿಕೊಂಡು ಎರಡೂ ದೋಣಿಗಳಲ್ಲಿ ಕಾಲಿಡಲು ಕೆಲವು ವರ್ಷಗಳ ಅವಕಾಶ ಸಿಕ್ಕಿತು. ಆ ಅವಕಾಶ 2025ರ ಮೇ 31ರಂದು ನೋಯೆಟಿಕ್‌ನ ಪಾಲನೆಯೊಂದಿಗೆ ಮುಗಿಯಿತು. ಅದೇ ವರ್ಷದ ಜನವರಿಯಲ್ಲಿ, ರೋಬೋಟನ್ನು ಕಟ್ಟುವ ಮೊದಲೇ ಪರದೆಯ ಮೇಲೆ ಓಡಿಸಿ ನೋಡುವ ಗಝೀಬೋ ಅನುಕರಣ ತಂತ್ರಾಂಶದ ಹಳೆಯ ಶಾಖೆಯೂ ಕೊನೆಗೊಂಡಿತ್ತು. ಕಾಲೇಜಿನ ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಬಿಟ್ಟುಹೋಗಿದ್ದ ಕೋಡು ಬಹುಮಟ್ಟಿಗೆ ಈ ಎರಡು ಹಳೆಯ ಶಾಖೆಗಳಿಗೇ ಸೇರಿದ್ದಾಗಿತ್ತು ಎಂಬುದನ್ನು ನೆನೆದರೆ ಅಂತ್ಯದ ಭಾರ ತಿಳಿದೀತು.

ಈಗ ಎದುರಿಗಿರುವ ಆಯ್ಕೆ ರಾಸ್ 2ರ ಮುಖ್ಯವಾಗಿ ಎರಡು ಆವೃತ್ತಿಗಳು: 2027ರ ಮೇವರೆಗೆ ಪಾಲನೆಯಿರುವ, ಉಬುಂಟು 22.04ರ ಮೇಲಿನ ಹಂಬಲ್ ಮತ್ತು 2029ರ ಮೇವರೆಗೆ ಪಾಲನೆಯಿರುವ, 24.04ರ ಮೇಲಿನ ಜಾಝಿ. ದಿನಾಂಕವೊಂದನ್ನೇ ನೋಡಿದರೆ ಜಾಝಿಯದೇ ಮೇಲುಗೈ. ಆದರೆ ನಿರ್ಣಾಯಕ ಮಾತು ರೋಬೋಟಿನೊಳಗೆ ಕೂರುವ ಪುಟ್ಟ ಕಂಪ್ಯೂಟರಿನದು. ಎನ್‌ವಿಡಿಯಾದ ಜೆಟ್ಸನ್ ನ್ಯಾನೋಗೆ ತಯಾರಕರು ಕೊಟ್ಟ ವ್ಯವಸ್ಥೆ 18.04ರಲ್ಲೇ ನಿಂತುಹೋಗಿದೆ, ಓರಿನ್ ಸರಣಿಗೆ ಬಂದ ಜೆಟ್‌ಪ್ಯಾಕ್ 6 ಎಂಬ ತಂತ್ರಾಂಶದ ಕಟ್ಟು 22.04ರದ್ದು, ಎಂದರೆ ಹಂಬಲ್‌ನ ಜೊತೆಗಾರ. ರಾಸ್ಪ್‌ಬೆರಿ ಪೈ 5 ಇದಕ್ಕೆ ತಿರುಗುಮುರುಗು: ಅದು 22.04ಕ್ಕೆ ಒಗ್ಗದೆ 24.04ನ್ನೇ ಬೇಡುತ್ತದೆ. ಲ್ಯಾಪ್‌ಟಾಪಿನಲ್ಲಿ ಹೊಸ ಆವೃತ್ತಿ ಹಾಕಿ, ತಿಂಗಳುಗಟ್ಟಲೆ ಕೋಡು ಬರೆದು, ಕೊನೆಗೆ ಬೋರ್ಡು ಕೊಳ್ಳುವ ಕ್ರಮವೇ ತಲೆಕೆಳಗಾದದ್ದು. ಬೋರ್ಡನ್ನು ಮೊದಲು ಗೊತ್ತುಮಾಡಿ, ಅದು ಒಪ್ಪುವ ಉಬುಂಟುವನ್ನೂ, ಉಬುಂಟು ಒಪ್ಪುವ ರಾಸ್ ಅನ್ನೂ ಅದರಿಂದ ಪಡೆಯುವುದು ಸರಿಯಾದ ದಾರಿ. ತಂತ್ರಾಂಶವನ್ನು ಅದರ ಲೈಬ್ರರಿಗಳ ಸಮೇತ ಡಬ್ಬಿ ಕಟ್ಟುವ ಡಾಕರ್ ಪದ್ಧತಿ ಈ ಬಿಗಿಯನ್ನು ಸಡಿಲಿಸಿದೆಯಾದರೂ, ಡಬ್ಬಿಯೊಳಗೆ ಕರ್ನೆಲ್, ಅಂದರೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳು, ಬರುವುದಿಲ್ಲ. ಕ್ಯಾಮೆರಾ ಮತ್ತು ಗ್ರಾಫಿಕ್ಸ್ ಚಿಪ್ಪಿನ ಚಾಲಕ ತಂತ್ರಾಂಶಗಳ ಜಗಳ ಹೊರಗಡೆ ಹಾಗೆಯೇ ಉಳಿಯುತ್ತದೆ.

ನೈಜಸಮಯದ ಹಳೆಯ ಪ್ರಶ್ನೆಯೂ ಇದರೊಂದಿಗೆ ಮರಳಿದೆ. ಲಿನಕ್ಸ್‌ಗೆ ಆ ಗುಣ ಕೊಡುವ ಪ್ರಿಎಂಪ್ಟ್-ಆರ್‌ಟಿ ತಿದ್ದುಪಡಿ ಸುಮಾರು 20 ವರ್ಷ ಹೊರಗೇ ಬೆಳೆದು, 2024ರಲ್ಲಿ 6.12ನೆಯ ಕರ್ನೆಲ್‌ನೊಂದಿಗೆ ಮುಖ್ಯ ಮೂಲಕ್ಕೆ ಪೂರ್ತಿಯಾಗಿ ಸೇರಿತು. ಹಾಗಿದ್ದರೂ ಮೋಟಾರಿನ ವೇಗ ಹಿಡಿದಿಡುವ ಸೂಕ್ಷ್ಮ ಕೆಲಸವನ್ನು ಮೈಕ್ರೋಕಂಟ್ರೋಲರಿಗೇ ಒಪ್ಪಿಸಿ, ಯೋಚಿಸುವ ಕೆಲಸವನ್ನಷ್ಟೇ ಲಿನಕ್ಸ್‌ಗೆ ಬಿಡುವುದು ಇಂದಿಗೂ ರೂಢಿ. ಬಾಲೇವಾಡಿಯ ಕಣದಲ್ಲಿ ಸುತ್ತುತ್ತಿದ್ದ ಆ ಒಂಟಿ ಪ್ರೋಗ್ರಾಮು ಈಗ ರಾಸ್‌ನ ಕೆಳಗಿನ ಪದರವಾಗಿ ಮುಂದುವರಿದಿದೆ.

ಕಾರ್ಖಾನೆಯ ಮಾಲೀಕನಿಗೆ ಇವೆಲ್ಲಕ್ಕಿಂತ ದೊಡ್ಡ ವಿಷಯ ಯಂತ್ರದ ಬಾಳಿಕೆ. 10-15 ವರ್ಷ ದುಡಿಯಬೇಕಾದ ಬಂಡಿಯೊಳಗೆ 5 ವರ್ಷ ಆಯಸ್ಸಿನ ತಂತ್ರಾಂಶ ಇದ್ದಾಗ, ಉಬುಂಟುವಿನ ಹಿಂದಿರುವ ಕ್ಯಾನನಿಕಲ್ ಕಂಪನಿ ಹೆಚ್ಚುವರಿ ಚಂದಾದಾರಿಕೆಯಲ್ಲಿ ಕೊಡುವ ಸುರಕ್ಷಾ ತಿದ್ದುಪಡಿಗಳಿಂದ 20.04ರ ಬಾಳು 2030ರವರೆಗೆ ಹಿಗ್ಗುತ್ತದೆ. ಅಲ್ಲಿಯವರೆಗೆ ಬೇಕಾಗುವುದು ಅದೇ ಮಾದರಿಯ ಒಂದೆರಡು ಹಳೆಯ ಬೋರ್ಡು, ಸ್ಥಾಪನೆಯ ದಿನ ತೆಗೆದಿಟ್ಟ ಡಿಸ್ಕಿನ ಪೂರ್ಣ ಪ್ರತಿ ಮತ್ತು ಅದನ್ನು ಮರಳಿ ಹಾಕಬಲ್ಲ ಒಬ್ಬ ನೌಕರ.