ಕಬ್ಬಿಣದ ಬೂಟು ತೊಡಿಸಿದ ಡಾಕ್ಟರ್

ಇವತ್ತಿನ ಕಥೆ ಶುರುವಾಗೋದು ನಮ್ಮ ಚಿಕ್ಕಮ್ಮನ ಮನೆಯ ನೀರಿನ ಬಕೆಟ್‌ನಿಂದ. ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಅವರು ಮನೆಗೆ ಬಂದ ಮೇಲೆ ನಾವ್ಯಾರೂ ಅವರಿಗೆ ಏನೂ ಎತ್ತೋಕೆ ಬಿಡ್ಲಿಲ್ಲ. ಬಕೆಟ್ ಮುಟ್ಟಿದ್ರೆ ಕಿತ್ಕೊಳ್ಳೋದು, ಕುಕ್ಕರ್ ಇಳಿಸೋಕೆ ಹೋದ್ರೆ ಬೈಯೋದು. "ನಾನೇನು ಗಾಜಿನ ಗೊಂಬೆನಾ?" ಅಂತ ಒಂದಿನ ರೇಗಿದ್ರು. ಆರು ತಿಂಗಳಲ್ಲಿ ಮೆಟ್ಟಿಲು ಹತ್ತೋಕೂ ಗೋಡೆ ಹಿಡಿಯೋ ಹಾಗಾಯ್ತು.

ಕಾಯಿಲೆಯವರು ಮಲಗಿರಬೇಕು ಅನ್ನೋ ನಂಬಿಕೆ ನಮ್ಮನೇದು ಮಾತ್ರ ಅಲ್ಲ. ಅಮೆರಿಕದ ಅಲಬಾಮಾದಲ್ಲಿ ಥಾಮಸ್ ಡಿಲೋರ್ಮ್ ಅಂತ ಒಬ್ಬ ಹುಡುಗ ಇದ್ದ. ಹದಿಹರೆಯದಲ್ಲಿ ರುಮ್ಯಾಟಿಕ್ ಜ್ವರ ಬಂದು ಹಾಸಿಗೆ ಹಿಡಿದ. ಇದು ಹೃದಯವನ್ನೇ ಕೆಡಿಸಬಲ್ಲ ಜ್ವರ. ಎದ್ದ ಮೇಲೆ ಅವನು ಹಿಡಿದದ್ದು ಭಾರ ಎತ್ತೋ ದಾರಿ. ಆಗ ವೇಟ್‌ಲಿಫ್ಟಿಂಗ್ ಅಂದ್ರೆ ಪೈಲ್ವಾನರ, ಮೈಕಟ್ಟು ತೋರಿಸೋರ ಲೋಕ. ಬೆಂಗಳೂರಲ್ಲೂ ಅದೇ ಕಾಲಕ್ಕೆ ಕೆ.ವಿ. ಅಯ್ಯರ್ ವ್ಯಾಯಾಮಶಾಲೆ ನಡೆಸ್ತಿದ್ರು. ಹೌದು, 'ಶಾಂತಲಾ' ಕಾದಂಬರಿ ಬರೆದ ಅದೇ ಅಯ್ಯರ್! ಆ ಲೋಕಕ್ಕೂ ಆಸ್ಪತ್ರೆಗೂ ಅಷ್ಟಾಗಿ ನಂಟಿರಲಿಲ್ಲ.

ಹುಡುಗ ಚೇತರಿಸಿಕೊಂಡು ಡಾಕ್ಟರ್ ಆದ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ, 1944ರಲ್ಲಿ, ಶಿಕಾಗೋದ ಗಾರ್ಡಿನರ್ ಜನರಲ್ ಆಸ್ಪತ್ರೆಯಲ್ಲಿ ಸೇನಾ ವೈದ್ಯರಾಗಿದ್ರು. ವಾರ್ಡ್ ತುಂಬಾ ಮೂಳೆ ಮುರಿದ, ಮೊಣಕಾಲು ಹೋದ ಸೈನಿಕರು. ಪ್ಲಾಸ್ಟರ್ ಬಿಚ್ಚಿದ್ರೆ ತೊಡೆ ಸೊರಗಿ ಕಡ್ಡಿಯಾಗಿರೋದು. ಆಗಿನ ಚಿಕಿತ್ಸೆ ಏನು? ಸೈಕಲ್ ತುಳಿಸೋದು, ಮೆಟ್ಟಿಲು ಹತ್ತಿಸೋದು, ಹಗುರವಾದದ್ದನ್ನೇ ಮತ್ತೆ ಮತ್ತೆ ಮಾಡಿಸೋದು. ಡಿಲೋರ್ಮ್ ವಾದ ಸರಳ: ಇದರಿಂದ ದಮ್ಮು ಬರುತ್ತೆ, ಕಸುವು ಬರಲ್ಲ. ಕಸುವು ಬೇಕಂದ್ರೆ ಭಾರ ಬೇಕು.

ಪಾದಕ್ಕೆ ಕಬ್ಬಿಣದ ಬೂಟು ಕಟ್ಟಿಸಿದ್ರು. ಅದಕ್ಕೆ ಬಿಲ್ಲೆ ಏರಿಸಿ, ಮೇಜಿನ ಅಂಚಲ್ಲಿ ಕೂತು ಕಾಲು ಚಾಚಬೇಕು. ಹತ್ತು ಸಲ ಮಾತ್ರ ಎತ್ತಲು ಆಗುವಷ್ಟು ಭಾರ ಎಷ್ಟು ಅಂತ ಪ್ರತಿ ರೋಗಿಗೂ ಬೇರೆಯಾಗಿ ಕಂಡುಹಿಡಿದು, ಅಲ್ಲಿಂದ ಶುರು. ಬಲ ಬಂದ ಹಾಗೆ ಭಾರ ಹೆಚ್ಚಿಸೋದು. (ಬಿ.ಕಾಂ ಮಾಡಿದ ನನಗೆ ಇದು ಚಕ್ರಬಡ್ಡಿ ಥರಾನೇ ಕಂಡಿತ್ತು. ಆದ್ರೆ ಇಲ್ಲಿ ಒಂದು ತಿಂಗಳು ಕಟ್ಟದಿದ್ರೆ ಅಸಲೇ ಕರಗುತ್ತೆ!) 1945ರಲ್ಲಿ ಇದನ್ನ ಪ್ರಕಟಿಸಿದಾಗ ಲೆಕ್ಕ ದಿನಕ್ಕೆ 70ರಿಂದ 100 ಸಲ. 1948ರಲ್ಲಿ ಆರ್ಥರ್ ವಾಟ್ಕಿನ್ಸ್ ಜೊತೆ ಸೇರಿ, ಅಷ್ಟೆಲ್ಲಾ ಬೇಡ, ಹತ್ತರ ಮೂರು ಸೆಟ್ ಸಾಕು ಅಂದ್ರು: ಮೊದಲು ಅರ್ಧ ಭಾರ, ಆಮೇಲೆ ಮುಕ್ಕಾಲು, ಕೊನೆಗೆ ಪೂರ್ತಿ. ನಿಮ್ಮ ಜಿಮ್ ಟ್ರೈನರ್ ದಿನಾ ಕೂಗೋ "ತ್ರೀ ಸೆಟ್ಸ್ ಆಫ್ ಟೆನ್" ಹಿಂದೆ ಇರೋದು ಈ ವಾರ್ಡು. ಪೋಲಿಯೋದಿಂದ ಕಾಲು ಸೋತವರ ಮೇಲೂ ಇದೇ ವಿಧಾನ ಪ್ರಯತ್ನಿಸಿದ್ರು.

ಹಾಗಾದ್ರೆ ಕ್ಯಾನ್ಸರ್ ರೋಗಿಗಳಿಗೆ? ಅಲ್ಲಿಗೆ ತಲುಪೋಕೆ ಬಹಳ ತಡವಾಯ್ತು. ಸ್ತನದ ಆಪರೇಷನ್‌ನಲ್ಲಿ ಕಂಕುಳಿನ ದುಗ್ಧ ಗ್ರಂಥಿಗಳನ್ನ ತೆಗೆದರೆ ಕೈ ಊದಿಕೊಳ್ಳಬಹುದು, ಲಿಂಫೆಡಿಮಾ ಅಂತಾರೆ. ಆ ಭಯಕ್ಕೆ ಹೆಂಗಸರಿಗೆ ಮಗುವನ್ನೂ ಎತ್ತಬೇಡಿ ಅಂತಿದ್ರು. 2009ರಲ್ಲಿ ಕ್ಯಾಥ್ರಿನ್ ಶ್ಮಿಟ್ಜ್ ತಂಡ, ಆಗಲೇ ಕೈ ಊದಿದ್ದ 141 ಮಹಿಳೆಯರ ಒಂದು ವರ್ಷದ ಅಧ್ಯಯನ ಪ್ರಕಟಿಸಿತು. ಅರ್ಧದಷ್ಟು ಜನ ವಾರಕ್ಕೆರಡು ಸಲ ಭಾರ ಎತ್ತಿದ್ರು. ಕೈಗೆ ಬಿಗಿ ತೋಳು ಹಾಕ್ಕೊಂಡು, ತೀರಾ ಕಡಿಮೆಯಿಂದ ಶುರುಮಾಡಿ, ಮೆಲ್ಲಗೆ ಏರಿಸುತ್ತಾ. ಊತ ಹೆಚ್ಚಾಗಲಿಲ್ಲ. ಬಲ ಹೆಚ್ಚಾಯ್ತು. ಊತ ಉಲ್ಬಣಿಸಿದ ಪ್ರಕರಣಗಳು ಎತ್ತದವರಿಗಿಂತ ಎತ್ತಿದವರಲ್ಲೇ ಕಡಿಮೆ!

ಇದನ್ನ ಓದಿ ನಾನು ಚಿಕ್ಕಮ್ಮನಿಗೆ ಫೋನ್ ಮಾಡ್ದೆ. ಅವರು ಡಾಕ್ಟರನ್ನ ಕೇಳಿ, ಫಿಸಿಯೋಥೆರಪಿಸ್ಟ್ ಎದುರಿಗೇ ಅರ್ಧ ಕೆಜಿ ಡಂಬೆಲ್‌ನಿಂದ ಶುರು ಮಾಡಿದ್ರು. ಹೋದ ಭಾನುವಾರ ಮನೆಗೆ ಹೋಗಿದ್ದೆ. ಅಭ್ಯಾಸಬಲ, ಬಕೆಟ್‌ಗೆ ಕೈ ಹಾಕ್ದೆ.

"ಬಿಡೋ, ಅದು ನಂದು" ಅಂದ್ರು.