ಆಂಡ್ರಾಯ್ಡ್ ಡೀಬಗ್ ಬ್ರಿಡ್ಜ್

ಆಂಡ್ರಾಯ್ಡ್ ಡೀಬಗ್ ಬ್ರಿಡ್ಜ್, ಸಂಕ್ಷಿಪ್ತವಾಗಿ ಎಡಿಬಿ, ಗಣಕಯಂತ್ರದಿಂದ ಆಂಡ್ರಾಯ್ಡ್ ಸಾಧನಗಳೊಂದಿಗೆ ಸಂವಹನ ನಡೆಸಲು ಬಳಸುವ ಕಮಾಂಡ್ ಲೈನ್ ತಂತ್ರಾಂಶವಾಗಿದೆ. ಇದು ಗೂಗಲ್ ಒದಗಿಸುವ ಆಂಡ್ರಾಯ್ಡ್ ಎಸ್‌ಡಿಕೆಯ 'ಪ್ಲಾಟ್‌ಫಾರ್ಮ್ ಟೂಲ್ಸ್' ಕಂತೆಯ ಭಾಗ. ಆಪ್‌ಗಳನ್ನು ಅನುಸ್ಥಾಪಿಸುವುದು, ಅವುಗಳ ದೋಷಗಳನ್ನು ಪತ್ತೆಹಚ್ಚುವುದು ಮತ್ತು ಕಡತಗಳನ್ನು ವರ್ಗಾಯಿಸುವುದು ಇದರ ಮುಖ್ಯ ಉಪಯೋಗಗಳು. ಅಭಿವೃದ್ಧಿಗಾರರಿಗಾಗಿ ರೂಪುಗೊಂಡ ಈ ಸಾಧನವನ್ನು 2020ರ ದಶಕದಲ್ಲಿ ಕೃತಕ ಬುದ್ಧಿಮತ್ತೆಯ ಏಜೆಂಟ್‌ಗಳೂ ಬಳಸತೊಡಗಿದವು. ಹೀಗಾಗಿ ಅನುಭವಿಗಳು ರೂಢಿಯಿಂದ ಅರಿತಿದ್ದ ಅನೇಕ ಸಂಗತಿಗಳನ್ನು ಕೈಪಿಡಿಗಳಲ್ಲಿ ಬಿಡಿಸಿ ಬರೆಯುವುದು ಅಗತ್ಯವಾಯಿತು.

ರಚನೆ

ಎಡಿಬಿಯಲ್ಲಿ ಮೂರು ಅಂಗಗಳಿವೆ. ಬಳಕೆದಾರನು ಆದೇಶ ನೀಡುವ ಕ್ಲೈಂಟ್ ಮತ್ತು ಹಿನ್ನೆಲೆಯಲ್ಲಿ ನಡೆಯುವ ಸರ್ವರ್ ಗಣಕದಲ್ಲಿರುತ್ತವೆ. ಆದೇಶವನ್ನು ಕಾರ್ಯಗತಗೊಳಿಸುವ ಡೀಮನ್ ಮೊಬೈಲ್‌ನಲ್ಲಿರುತ್ತದೆ. ಸರ್ವರ್ ಸಾಮಾನ್ಯವಾಗಿ 5037ನೇ ಪೋರ್ಟ್‌ನಲ್ಲಿ ಕ್ಲೈಂಟ್‌ಗಳ ಕೋರಿಕೆಗಳನ್ನು ಸ್ವೀಕರಿಸಿ, ಯುಎಸ್‌ಬಿ ಅಥವಾ ಜಾಲದ ಮೂಲಕ ಡೀಮನ್‌ಗೆ ತಲುಪಿಸುತ್ತದೆ. ಒಂದೇ ಸರ್ವರ್ ಹಲವು ಮೊಬೈಲ್‌ಗಳನ್ನೂ ಎಮ್ಯುಲೇಟರ್‌ಗಳನ್ನೂ ಏಕಕಾಲದಲ್ಲಿ ನಿರ್ವಹಿಸಬಲ್ಲದು.

ಪ್ರಮುಖ ಆದೇಶಗಳು

'ಡಿವೈಸಸ್' ಆದೇಶವು ಸಂಪರ್ಕದಲ್ಲಿರುವ ಸಾಧನಗಳ ಪಟ್ಟಿ ನೀಡುತ್ತದೆ. 'ಇನ್‌ಸ್ಟಾಲ್' ಆಪ್ ಅನ್ನು ಅನುಸ್ಥಾಪಿಸುತ್ತದೆ. 'ಪುಶ್' ಮತ್ತು 'ಪುಲ್' ಕಡತಗಳನ್ನು ಸಾಗಿಸುತ್ತವೆ. 'ಲಾಗ್‌ಕ್ಯಾಟ್' ವ್ಯವಸ್ಥೆಯ ಮತ್ತು ಆಪ್‌ಗಳ ಲಾಗ್ ಸಂದೇಶಗಳನ್ನು ತೋರಿಸುತ್ತದೆ. 'ಶೆಲ್' ಮೂಲಕ ಸಾಧನದ ಒಳಗಿನ ಉಪಕರಣಗಳನ್ನು ಬಳಸಬಹುದು: 'ಡಂಪ್‌ಸಿಸ್' ವ್ಯವಸ್ಥೆಯ ಸ್ಥಿತಿಯನ್ನು ವಿವರಿಸಿದರೆ, 'ಸ್ಕ್ರೀನ್‌ಕ್ಯಾಪ್' ಪರದೆಯ ಚಿತ್ರ ತೆಗೆಯುತ್ತದೆ, 'ಇನ್‌ಪುಟ್' ಸ್ಪರ್ಶ ಮತ್ತು ಟೈಪಿಂಗ್ ಅನ್ನು ಅನುಕರಿಸುತ್ತದೆ.

ಏಜೆಂಟ್‌ಗಳಿಂದ ಬಳಕೆ

ಎಡಿಬಿ ಪಠ್ಯರೂಪದ ಆದೇಶ ಪಡೆದು ಬಹುಪಾಲು ಪಠ್ಯರೂಪದಲ್ಲೇ ಉತ್ತರಿಸುವುದರಿಂದ ಭಾಷಾ ಮಾದರಿಗಳನ್ನು ಆಧರಿಸಿದ ಏಜೆಂಟ್‌ಗಳಿಗೆ ಅನುಕೂಲಕರವಾಗಿದೆ. ಪರದೆಯ ಮೇಲಿನ ಗುಂಡಿಗಳು, ಬರಹಗಳು ಮತ್ತು ಅವುಗಳ ಸ್ಥಾನವನ್ನು 'ಯುಐ ಆಟೊಮೇಟರ್' ಎಕ್ಸ್‌ಎಂಎಲ್ ರೂಪದಲ್ಲಿ ನೀಡುತ್ತದೆ. ಏಜೆಂಟ್ ಅದನ್ನು ಓದಿ, 'ಇನ್‌ಪುಟ್' ಮೂಲಕ ಮುಂದಿನ ಕ್ರಿಯೆ ನಡೆಸುತ್ತದೆ. 2023ರ ಡಿಸೆಂಬರ್‌ನಲ್ಲಿ ಟೆನ್ಸೆಂಟ್ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ 'ಆಪ್‌ಏಜೆಂಟ್' ಈ ಮಾರ್ಗವನ್ನು ಅನುಸರಿಸಿತು. ಅದು ಮೊದಲು ಆಪ್ ಅನ್ನು ಪರಿಶೋಧಿಸಿ, ಪರದೆಯ ಘಟಕಗಳ ಕಾರ್ಯವನ್ನು ಟಿಪ್ಪಣಿಯಾಗಿ ಬರೆದಿಟ್ಟುಕೊಂಡು, ಬಳಿಕ ಕೆಲಸ ಮಾಡುವಾಗ ಆ ಟಿಪ್ಪಣಿಗಳನ್ನು ನೋಡುತ್ತಿತ್ತು. 2024ರಲ್ಲಿ ಬಂದ 'ಆಂಡ್ರಾಯ್ಡ್‌ವರ್ಲ್ಡ್' ಎಂಬ ಮಾಪನ ವ್ಯವಸ್ಥೆಯು 20 ಆಪ್‌ಗಳಲ್ಲಿ 116 ಕಾರ್ಯಗಳ ಮೂಲಕ ಇಂತಹ ಏಜೆಂಟ್‌ಗಳ ಸಾಮರ್ಥ್ಯವನ್ನು ಅಳೆಯುತ್ತದೆ.

ದಾಖಲೀಕರಣ

ಆದೇಶಗಳ ಪಟ್ಟಿಯಷ್ಟೇ ಏಜೆಂಟ್‌ಗೆ ಸಾಲದು. ಪ್ರತಿಯೊಂದು ಆದೇಶ ಯಾವಾಗ ಮುಗಿಯುತ್ತದೆ, ಅದು ಯಶಸ್ವಿಯಾಯಿತೆಂದು ತಿಳಿಯುವುದು ಹೇಗೆ, ಅದರಿಂದ ಏನು ನಷ್ಟವಾಗಬಹುದು ಎಂಬುದೂ ಸ್ಪಷ್ಟವಾಗಿರಬೇಕು. ಎಡಿಬಿಯ ಸಂದರ್ಭದಲ್ಲಿ ಮುಖ್ಯವಾದ ಅಂಶಗಳು ಹೀಗಿವೆ:

• ಗುರಿ: ಒಂದಕ್ಕಿಂತ ಹೆಚ್ಚು ಸಾಧನಗಳಿದ್ದಾಗ ಕ್ರಮಸಂಖ್ಯೆಯ ಮೂಲಕ ಒಂದನ್ನು ಸೂಚಿಸದಿದ್ದರೆ ಸಾಮಾನ್ಯವಾಗಿ ಆದೇಶ ವಿಫಲವಾಗುತ್ತದೆ.
• ಅಂತ್ಯ: 'ಲಾಗ್‌ಕ್ಯಾಟ್' ತಾನಾಗಿ ನಿಲ್ಲುವುದಿಲ್ಲ. 'ಡಿ' ಆಯ್ಕೆಯನ್ನು ಸೇರಿಸಿದರೆ ಸಂಗ್ರಹದಲ್ಲಿರುವ ಸಂದೇಶಗಳನ್ನು ತೋರಿಸಿ ಮುಗಿಯುತ್ತದೆ. ಇದನ್ನು ತಿಳಿಯದ ಏಜೆಂಟ್ ಉತ್ತರಕ್ಕಾಗಿ ಕಾಯುತ್ತಲೇ ಉಳಿಯಬಹುದು.
• ಪ್ರಮಾಣ: ಸೋಸದ ಲಾಗ್ ಸಾವಿರಾರು ಸಾಲುಗಳಷ್ಟಿದ್ದು, ಭಾಷಾ ಮಾದರಿಯ ಓದಿನ ಮಿತಿಯನ್ನು ಮೀರಬಹುದು. ಆಪ್‌ನ ಪ್ರಕ್ರಿಯಾ ಸಂಖ್ಯೆ ಅಥವಾ ಸಂದೇಶದ ತೀವ್ರತೆಯನ್ನು ಆಧರಿಸಿ ಸೋಸುವ ಕ್ರಮವನ್ನು ಉದಾಹರಣೆಯೊಂದಿಗೆ ತಿಳಿಸಬೇಕಾಗುತ್ತದೆ.
• ಸಿದ್ಧತೆ: 'ವೇಟ್ ಫಾರ್ ಡಿವೈಸ್' ಆದೇಶವು ಸಾಧನ ಪೂರ್ಣವಾಗಿ ಚಾಲೂ ಆಗುವ ಮೊದಲೇ ಮುಗಿಯಬಹುದು. ಆದುದರಿಂದ ಬೂಟ್ ಪೂರ್ಣಗೊಂಡಿದೆಯೇ ಎಂದು ಪ್ರತ್ಯೇಕವಾಗಿ ಪರೀಕ್ಷಿಸಬೇಕು.
• ಫಲಿತಾಂಶ: ಆಂಡ್ರಾಯ್ಡ್ 7.0ಕ್ಕಿಂತ ಹಿಂದಿನ ಸಾಧನಗಳಲ್ಲಿ 'ಶೆಲ್' ಮೂಲಕ ನಡೆಸಿದ ಆದೇಶ ವಿಫಲವಾದರೂ ಅದರ ವೈಫಲ್ಯ ಸಂಕೇತವು ಗಣಕಕ್ಕೆ ಮರಳುತ್ತಿರಲಿಲ್ಲ.
• ಮಿತಿ: ಚಲನಚಿತ್ರಿಕೆ ನಿರಂತರವಾಗಿ ಓಡುತ್ತಿರುವ ಪರದೆಯನ್ನು ಓದಲು ಯುಐ ಆಟೊಮೇಟರ್ ವಿಫಲವಾಗಬಹುದು. ಅನೇಕ ಆಟಗಳಲ್ಲಿ ಇಡೀ ಪರದೆ ಒಂದೇ ಘಟಕವಾಗಿ ಕಾಣುತ್ತದೆ.
• ನಷ್ಟ: ಪ್ಯಾಕೇಜ್ ಮ್ಯಾನೇಜರ್‌ನ 'ಕ್ಲಿಯರ್' ಆದೇಶವು ಆಪ್‌ನ ದತ್ತಾಂಶವನ್ನೆಲ್ಲ ಅಳಿಸುತ್ತದೆ, ಮರುದೃಢೀಕರಣ ಕೇಳುವುದಿಲ್ಲ.

ಇಂತಹ ಸೂಚನೆಗಳನ್ನು ಯೋಜನೆಯ ಮೂಲಸಂಕೇತದ ಜೊತೆಯಲ್ಲಿಯೇ ಇಡುವ 'ಏಜೆಂಟ್ಸ್.ಎಂಡಿ' ಕಡತದ ರೂಢಿ 2025ರಲ್ಲಿ ವ್ಯಾಪಕವಾಯಿತು. ಇನ್ನೊಂದು ಮಾರ್ಗವೆಂದರೆ ಆಂತ್ರೋಪಿಕ್ ಸಂಸ್ಥೆಯು 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್. ಇದರಲ್ಲಿ ಪ್ರತಿ ಉಪಕರಣದ ಹೆಸರು, ವಿವರಣೆ ಮತ್ತು ಅದು ಸ್ವೀಕರಿಸುವ ಮೌಲ್ಯಗಳನ್ನು ನಿಗದಿತ ರೂಪದಲ್ಲಿ ಘೋಷಿಸಲಾಗುತ್ತದೆ. ಹೀಗೆ ಎಡಿಬಿಯ ಆಯ್ದ ಆದೇಶಗಳನ್ನು ಮಾತ್ರ ಏಜೆಂಟ್‌ಗೆ ಒದಗಿಸಿ, ಅಪಾಯಕಾರಿ ಆದೇಶಗಳನ್ನು ಹೊರಗಿಡಬಹುದು.

ಭದ್ರತೆ

ಯುಎಸ್‌ಬಿ ಡೀಬಗ್ಗಿಂಗ್ ಸೌಲಭ್ಯವನ್ನು ಬಳಕೆದಾರನೇ ಸಕ್ರಿಯಗೊಳಿಸಬೇಕು. 2013ರಲ್ಲಿ ಬಂದ ಆಂಡ್ರಾಯ್ಡ್ 4.2.2ರಿಂದ, ಹೊಸ ಗಣಕವು ಸಂಪರ್ಕಿಸಿದಾಗ ಅದರ ಆರ್‌ಎಸ್‌ಎ ಕೀಲಿಯ ಗುರುತನ್ನು ಪರದೆಯಲ್ಲಿ ತೋರಿಸಿ ಅನುಮತಿ ಕೇಳಲಾಗುತ್ತದೆ. 2020ರ ಆಂಡ್ರಾಯ್ಡ್ 11ರಲ್ಲಿ ಜೋಡಣಾ ಸಂಕೇತ ಅಥವಾ ಕ್ಯುಆರ್ ಕೋಡ್ ಆಧಾರಿತ ನಿಸ್ತಂತು ಡೀಬಗ್ಗಿಂಗ್ ಸೇರಿತು. 2018ರ ಫೆಬ್ರುವರಿಯಲ್ಲಿ ಪತ್ತೆಯಾದ 'ಎಡಿಬಿ.ಮೈನರ್' ಎಂಬ ಕುತಂತ್ರಾಂಶವು 5555ನೇ ಪೋರ್ಟ್ ತೆರೆದಿದ್ದ ಸಾಧನಗಳಿಗೆ ಹರಡಿ, ಮೊನೆರೊ ಎಂಬ ಗುಪ್ತನಾಣ್ಯದ ಗಣಿಗಾರಿಕೆಗೆ ಅವುಗಳನ್ನು ಬಳಸಿತು.

ಒಮ್ಮೆ ದೊರೆತ ಅನುಮತಿಯು ಗಣಕದ ಕೀಲಿಗೆ ಸಂಬಂಧಿಸಿದ್ದು, ಆದೇಶ ನೀಡುವವರು ಮನುಷ್ಯರೋ ಏಜೆಂಟೋ ಎಂಬುದನ್ನು ಎಡಿಬಿ ಗುರುತಿಸುವುದಿಲ್ಲ. ಲಾಗ್‌ಗಳಲ್ಲಿ ಖಾಸಗಿ ಮಾಹಿತಿ ಇರುವ ಸಾಧ್ಯತೆಯಿದೆ. ಪರದೆಯಲ್ಲಿ ಅಥವಾ ಲಾಗ್‌ನಲ್ಲಿ ಬೇರೊಬ್ಬರು ಬರೆದ ಪಠ್ಯವನ್ನು ಏಜೆಂಟ್ ತನಗೆ ಬಂದ ಆದೇಶವೆಂದು ಭಾವಿಸುವ ಅಪಾಯವೂ ಇದೆ. ಈ ಕಾರಣಗಳಿಂದ ಏಜೆಂಟ್‌ಗಳ ಬಳಕೆಗೆ ವೈಯಕ್ತಿಕ ಮೊಬೈಲ್‌ಗಿಂತ ಎಮ್ಯುಲೇಟರ್ ಅಥವಾ ಪರೀಕ್ಷೆಗೆಂದೇ ಮೀಸಲಿಟ್ಟ ಸಾಧನ ಹೆಚ್ಚು ಸೂಕ್ತವಾಗಿದೆ.