ಕಪ್ಪುಬಿಳುಪಿನ ‘ಸಂಸ್ಕಾರ’ ಮತ್ತು ಅದರ ಬಳಗ

ಯು.ಆರ್. ಅನಂತಮೂರ್ತಿಯವರ 1965ರ ಕಾದಂಬರಿಯನ್ನು ಆಧರಿಸಿದ ‘ಸಂಸ್ಕಾರ’ (1970), ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನದಲ್ಲಿ ಸಾಹಿತ್ಯ, ರಂಗಭೂಮಿ ಮತ್ತು ಚಿತ್ರಕಲೆಯ ಗೆಳೆಯರು ಸೇರಿ ಚಿತ್ರೋದ್ಯಮದ ಕಟ್ಟುಪಾಡಿನ ಹೊರಗೆ ರೂಪಿಸಿದ ಕನ್ನಡ ಚಿತ್ರವಾಗಿದ್ದು, ಗಿರೀಶ ಕಾರ್ನಾಡ, ಪಿ. ಲಂಕೇಶ್ ಹಾಗೂ ಸ್ನೇಹಲತಾ ರೆಡ್ಡಿ ಇದರಲ್ಲಿ ಅಭಿನಯಿಸಿದರು. ರಾಜೀವ ತಾರಾನಾಥರು ಸಂಗೀತ ನೀಡಿದರು.

ಶೃಂಗೇರಿ ಸಮೀಪದ ವೈಕುಂಠಪುರದ ಅಗ್ರಹಾರದಲ್ಲಿ, ಎಂದರೆ ಬ್ರಾಹ್ಮಣರ ಮನೆಗಳು ಸಾಲಾಗಿರುವ ಕೇರಿಯಲ್ಲಿ, ಆಸ್ಟ್ರೇಲಿಯಾದ ಛಾಯಾಗ್ರಾಹಕ ಟಾಮ್ ಕೋವನ್ ಇದನ್ನು ಕಪ್ಪುಬಿಳುಪಿನಲ್ಲಿ ಸೆರೆಹಿಡಿದರು. ಯಾರು ಶವಸಂಸ್ಕಾರ ಮಾಡಬೇಕೆಂದು ತೀರ್ಮಾನವಾಗದೆ ಕೊಳೆಯುವ ಹೆಣ, ಪ್ಲೇಗಿಗೆ ಸಾಯುವ ಇಲಿಗಳು, ಮಾಡಿನ ಮೇಲೆ ಬಂದಿಳಿಯುವ ಹದ್ದುಗಳು ಕಥೆಯನ್ನು ಮುನ್ನಡೆಸುವುದರಿಂದ, ಇಲ್ಲಿನ ಕತ್ತಲೆ ಅಲಂಕಾರವಲ್ಲ, ಕಥೆಯ ಧರ್ಮಸಂಕಟವೇ ಆಗಿದೆ.

ಜಾತಿ ವೈಷಮ್ಯ ಕೆರಳೀತೆಂದು ಮದರಾಸಿನ ಸೆನ್ಸಾರ್ ಮಂಡಳಿ, ಎಂದರೆ ಪ್ರದರ್ಶನಕ್ಕೆ ಅನುಮತಿ ನೀಡುವ ಸಂಸ್ಥೆ, ಚಿತ್ರವನ್ನು ತಡೆಯಿತಾದರೂ ಕೇಂದ್ರ ಸರ್ಕಾರ ನಿಷೇಧವನ್ನು ತೆರವುಗೊಳಿಸಿತು. ತಡೆಗೊಳಗಾಗಿದ್ದ ಅದೇ ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಸಂದು, ಕನ್ನಡಕ್ಕೆ ಮೊದಲ ಬಾರಿ ಆ ಗೌರವ ದೊರೆಯಿತು.

ತುರ್ತುಪರಿಸ್ಥಿತಿಯ ಕಾಲದಲ್ಲಿ, ಭೂಗತರಾಗಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ಸ್ನೇಹದ ಕಾರಣಕ್ಕೆ 1976ರಲ್ಲಿ ಬಂಧನಕ್ಕೊಳಗಾದ ಚಿತ್ರದ ನಟಿ ಸ್ನೇಹಲತಾ, ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಉಬ್ಬಸ ಉಲ್ಬಣಿಸಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ನಿಧನರಾದರು. ಆ ಕಾರಾಗೃಹದ ಆವರಣವೇ ಇಂದಿನ ಫ್ರೀಡಂ ಪಾರ್ಕ್.